ವೃತ್ತದ ಸುತ್ತಳತೆ ಮತ್ತು ವಿಸ್ತೀರ್ಣ: ಟೇಪು ಹಿಡಿಯುವುದರಿಂದ ಲೆಕ್ಕ ಮುಗಿಸುವವರೆಗೆ

ಶಾಲೆಯ ಗಣಿತ ಪುಸ್ತಕದಲ್ಲಿ ಬರುವ ವೃತ್ತಗಳಿಗೆ ತ್ರಿಜ್ಯವನ್ನು ಬರೆದೇ ಕೊಟ್ಟಿರುತ್ತಾರೆ. ಊರ ಅಶ್ವತ್ಥಕಟ್ಟೆಗೆ ಹಾಗೆ ಯಾರೂ ಬರೆದಿಟ್ಟಿರುವುದಿಲ್ಲ. ಕಟ್ಟೆಗೆ ಹೊಸದಾಗಿ ಕಲ್ಲು ಹಾಸಬೇಕೆಂದು ನಿಶ್ಚಯವಾಗಿ, ಎಷ್ಟು ಚದರ ಅಡಿ ಆಗುತ್ತದೆ ಎಂದು ಮೇಸ್ತ್ರಿ ಕೇಳಿದಾಗ, ಟೇಪು ಹಿಡಿದು ಹೋದವರಿಗೆ ಮೊದಲು ಎದುರಾಗುವ ತೊಡಕೆಂದರೆ, ವೃತ್ತದ ಕೇಂದ್ರ ಇರಬೇಕಾದ ಜಾಗದಲ್ಲಿ ಮರವೇ ನಿಂತಿರುವುದು. ಅಲ್ಲಿ ತ್ರಿಜ್ಯವನ್ನು ಅಳೆಯುವಂತಿಲ್ಲ, ವ್ಯಾಸವನ್ನೂ ಅಳೆಯುವಂತಿಲ್ಲ. ತೆರೆದ ಬಾವಿಯ ಬಳಿಗೆ ಹೋದರೆ ಕೇಂದ್ರದಲ್ಲಿ ನೀರಿರುತ್ತದೆ. ಸೂತ್ರ ಬಾಯಿಪಾಠ ಇರುವವರೂ ಇಂಥಲ್ಲಿ ತಡವರಿಸುತ್ತಾರೆ. ಆದ್ದರಿಂದ ಈ ಬರಹದಲ್ಲಿ ಸೂತ್ರಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಜಾಗವನ್ನು ಅಳತೆಗೇ ಕೊಟ್ಟಿದ್ದೇನೆ. ನಾನು ಕಂಡ ತಪ್ಪು ಲೆಕ್ಕಗಳಲ್ಲಿ ಹೆಚ್ಚಿನವು ಗುಣಾಕಾರದಲ್ಲಿ ಆದವಲ್ಲ. ಟೇಪು ಹಿಡಿದಾಗಲೇ ಆಗಿಹೋದವು.

ಬೇಕಾದ ಪದಗಳು, ಬೇಕಾದ ಸೂತ್ರಗಳು

ಕೇಂದ್ರದಿಂದ ಅಂಚಿನವರೆಗಿನ ದೂರವೇ ತ್ರಿಜ್ಯ. ಒಂದು ಅಂಚಿನಿಂದ ಕೇಂದ್ರದ ಮೂಲಕ ಎದುರಿನ ಅಂಚಿಗೆ ಇರುವ ದೂರ ವ್ಯಾಸ. ಅದು ತ್ರಿಜ್ಯದ ಎರಡರಷ್ಟು. ಅಂಚಿನುದ್ದಕ್ಕೂ ಒಂದು ಸುತ್ತು ಬಂದರೆ ಆಗುವ ಉದ್ದವೇ ಪರಿಧಿ, ಅಂದರೆ ಆಡುಮಾತಿನ ಸುತ್ತಳತೆ. ಆ ಅಂಚಿನೊಳಗೆ ಸೇರಿಕೊಂಡ ಜಾಗದ ಪ್ರಮಾಣ ವಿಸ್ತೀರ್ಣ. ಅಂಚಿನ ಮೇಲಿನ ಯಾವುದೇ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಗೆ ಜ್ಯಾ ಎನ್ನುತ್ತಾರೆ. ವ್ಯಾಸವೆಂದರೆ ಎಲ್ಲಕ್ಕಿಂತ ಉದ್ದನೆಯ ಜ್ಯಾ ಎಂಬ ಮಾತನ್ನು ಈಗಲೇ ನೆನಪಿನಲ್ಲಿ ಇಟ್ಟುಕೊಂಡರೆ ಮುಂದೆ ಅಳೆಯುವಾಗ ಉಪಯೋಗಕ್ಕೆ ಬರುತ್ತದೆ.

ಸೂತ್ರಗಳು ಎರಡೇ.

ಪರಿಧಿ = ಪೈ × ವ್ಯಾಸ
ವಿಸ್ತೀರ್ಣ = ಪೈ × ತ್ರಿಜ್ಯ × ತ್ರಿಜ್ಯ

ಎರಡನೆಯ ಸೂತ್ರದಲ್ಲಿ ವರ್ಗ ಮಾಡಬೇಕಾದದ್ದು ತ್ರಿಜ್ಯವನ್ನು ಮಾತ್ರ. ಮೊದಲು ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ, ಆಮೇಲೆ ಪೈಯಿಂದ ಗುಣಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಆತುರದಿಂದ ಪೈ ಮತ್ತು ತ್ರಿಜ್ಯವನ್ನು ಮೊದಲು ಗುಣಿಸಿ ಬಂದದ್ದನ್ನು ವರ್ಗ ಮಾಡಿದರೆ ಉತ್ತರ ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಉಬ್ಬಿಕೊಳ್ಳುತ್ತದೆ. ಇನ್ನೊಂದು ಮಾತು: ಪರಿಧಿ ಉದ್ದವಾದ್ದರಿಂದ ಅದು ಅಡಿ ಅಥವಾ ಮೀಟರಿನಲ್ಲಿ ಬರುತ್ತದೆ, ವಿಸ್ತೀರ್ಣ ಚದರ ಅಡಿ ಅಥವಾ ಚದರ ಮೀಟರಿನಲ್ಲಿ ಬರುತ್ತದೆ. ಉತ್ತರದ ಮುಂದೆ ‘ಚದರ’ ಎಂದು ಬರೆಯಲು ಕೈ ಹಿಂಜರಿದರೆ, ನಾವು ಯಾವುದನ್ನು ಲೆಕ್ಕ ಹಾಕುತ್ತಿದ್ದೇವೆ ಎಂಬುದೇ ನಮಗೆ ಸ್ಪಷ್ಟವಾಗಿಲ್ಲ ಎಂದರ್ಥ.

ವಿಸ್ತೀರ್ಣದ ಸೂತ್ರ ಎಲ್ಲಿಂದ ಬಂತೆಂದು ಒಮ್ಮೆ ಕೈಯಾರೆ ನೋಡಿದವರು ಅದನ್ನು ಮರೆಯುವುದಿಲ್ಲ. ಒಂದು ಕಾಗದದ ವೃತ್ತವನ್ನು ನಾಲ್ಕು ಸಲ ಅರ್ಧಕ್ಕೆ ಮಡಿಸಿ ಬಿಡಿಸಿದರೆ ಹದಿನಾರು ಹೋಳುಗಳ ಗೆರೆ ಮೂಡುತ್ತದೆ. ಗೆರೆಯುದ್ದಕ್ಕೂ ಕತ್ತರಿಸಿ, ಹೋಳುಗಳನ್ನು ಒಂದರ ತುದಿ ಮೇಲಕ್ಕೆ, ಮತ್ತೊಂದರ ತುದಿ ಕೆಳಕ್ಕೆ ಬರುವಂತೆ ಪಕ್ಕಪಕ್ಕದಲ್ಲಿ ಜೋಡಿಸಿದರೆ ಹೆಚ್ಚುಕಡಿಮೆ ಒಂದು ಆಯತವಾಗುತ್ತದೆ. ಅದರ ಎತ್ತರ ತ್ರಿಜ್ಯದಷ್ಟು. ಅದರ ಉದ್ದ ಪರಿಧಿಯ ಅರ್ಧದಷ್ಟು, ಏಕೆಂದರೆ ಅಂಚಿನ ಅರ್ಧ ಭಾಗ ಮೇಲಿದೆ, ಇನ್ನರ್ಧ ಕೆಳಗಿದೆ. ಹೋಳುಗಳನ್ನು ಸಣ್ಣದು ಮಾಡಿದಷ್ಟೂ ಅಂಕುಡೊಂಕು ಕಡಿಮೆಯಾಗಿ ಆಯತ ನೇರವಾಗುತ್ತ ಹೋಗುತ್ತದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಇದೇ ಮಾತು ಅರ್ಧ ಶ್ಲೋಕದಲ್ಲಿದೆ: ‘ಸಮಪರಿಣಾಹಸ್ಯಾರ್ಧಂ ವಿಷ್ಕಂಭಾರ್ಧಹತಮೇವ ವೃತ್ತಫಲಮ್’, ಅಂದರೆ ಪರಿಧಿಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಿದರೆ ಬರುವುದೇ ವೃತ್ತದ ವಿಸ್ತೀರ್ಣ. ಗಮನಿಸಿ, ಇದರಲ್ಲಿ ಪೈ ಎಂಬ ಸಂಖ್ಯೆಯ ಸುಳಿವೇ ಇಲ್ಲ. ಪರಿಧಿಯನ್ನೂ ವ್ಯಾಸವನ್ನೂ ಟೇಪಿನಿಂದಲೇ ಅಳೆಯಲು ಸಾಧ್ಯವಾದ ಕಡೆ ಈ ಹಳೆಯ ಸೂತ್ರವನ್ನೇ ನಾನು ಹೆಚ್ಚು ನಂಬುತ್ತೇನೆ.

ಪೈಗೆ ಎಷ್ಟು ಬೆಲೆ ಕೊಡಬೇಕು

ಯಾವುದೇ ವೃತ್ತದ ಪರಿಧಿಯನ್ನು ಅದರ ವ್ಯಾಸದಿಂದ ಭಾಗಿಸಿದರೂ ಬರುವ ಒಂದೇ ಸಂಖ್ಯೆ ಪೈ, 3.14159 ಎಂದು ಮೊದಲಾಗುವ ಅದರ ದಶಮಾಂಶ ಮುಗಿಯುವುದೂ ಇಲ್ಲ, ಒಂದೇ ಕ್ರಮದಲ್ಲಿ ಮರುಕಳಿಸುವುದೂ ಇಲ್ಲ. ಆದ್ದರಿಂದ ಲೆಕ್ಕಕ್ಕೆ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಾಗುತ್ತದೆ, ಮತ್ತು ಎಲ್ಲಿ ಕತ್ತರಿಸಬೇಕೆಂಬುದನ್ನು ಕೈಯಲ್ಲಿರುವ ಟೇಪು ತೀರ್ಮಾನಿಸಬೇಕು.

ಈ ವಿವೇಕ ನಮ್ಮ ಹಿಂದಿನವರಲ್ಲಿ ಚೆನ್ನಾಗಿಯೇ ಇತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಸ್ಥೂಲ ಲೆಕ್ಕಕ್ಕೆ 3 ಎಂದೂ ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವೆಂದೂ ಎರಡು ಬೆಲೆಗಳನ್ನು ಕೊಟ್ಟಿದ್ದಾನೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ವ್ಯಾಸವನ್ನು 3927ರಿಂದ ಗುಣಿಸಿ 1250ರಿಂದ ಭಾಗಿಸಿದರೆ ಸೂಕ್ಷ್ಮ ಪರಿಧಿ ಬರುತ್ತದೆಂದು ಹೇಳಿ, 22ರಿಂದ ಗುಣಿಸಿ 7ರಿಂದ ಭಾಗಿಸಿದ್ದು ಸ್ಥೂಲವಾದರೂ ‘ವ್ಯವಹಾರಯೋಗ್ಯ’ ಎಂದಿದ್ದಾನೆ. ಆರ್ಯಭಟನಂತೂ 20000 ವ್ಯಾಸಕ್ಕೆ 62832 ಪರಿಧಿ, ಅಂದರೆ 3.1416, ಎಂದು ಹೇಳಿ ಅದಕ್ಕೂ ‘ಆಸನ್ನ’, ಹತ್ತಿರದ್ದು, ಎಂಬ ವಿಶೇಷಣ ಸೇರಿಸಿದ್ದಾನೆ.

ಇಪ್ಪತ್ತೊಂದು ಅಡಿ ವ್ಯಾಸದ ಕಟ್ಟೆಯನ್ನು ತೆಗೆದುಕೊಂಡು ಈ ಬೆಲೆಗಳನ್ನು ಹೋಲಿಸಿ ನೋಡೋಣ. ನಿಜವಾದ ಪರಿಧಿ 65.97 ಅಡಿ. ಪೈ ಎಂದರೆ 3 ಎಂದುಕೊಂಡರೆ 63 ಅಡಿ ಬಂದು, ಅಂಚಿನ ಕಲ್ಲು ಮೂರಡಿ ಸಾಲದೆ ಹೋಗುತ್ತದೆ. 10ರ ವರ್ಗಮೂಲ ಹಿಡಿದರೆ ಐದು ಇಂಚು ಹೆಚ್ಚಾಗುತ್ತದೆ. 22/7 ಹಿಡಿದರೆ 66 ಅಡಿ. ತಪ್ಪು ಇಂಚಿನ ಮೂರನೆಯ ಒಂದು ಭಾಗದಷ್ಟು. ಬಿಸಿಲಲ್ಲಿ ಕಟ್ಟೆಯ ಸುತ್ತ ಎಳೆದ ಟೇಪು ಅದಕ್ಕಿಂತ ಹೆಚ್ಚು ಜೋಲುತ್ತದೆ. ಹಾಗಾಗಿ ಮನೆ, ತೋಟ, ಗಾರೆ ಕೆಲಸಗಳಿಗೆ 22/7 ಸಾಕು. ಇನ್ನೂ ಮುಂದೆ ಹೋಗುವ ಅಂಕೆಗಳು ಲೇತಿನ ಮೇಲೆ ಲೋಹ ಕಡೆಯುವವರಿಗೆ ಬೇಕಾದವು. ಬಹಳ ಜನ 3.14 ಎಂಬುದು 22/7ಕ್ಕಿಂತ ಹೆಚ್ಚು ಕರಾರುವಾಕ್ಕೆಂದು ತಿಳಿದಿರುತ್ತಾರೆ. ದಶಮಾಂಶದಲ್ಲಿ ಬರೆದದ್ದಕ್ಕೆ ಅಂಥದೊಂದು ಗತ್ತು ಇರುತ್ತದೆ, ಅಷ್ಟೇ. 22/7 ನಿಜವಾದ ಬೆಲೆಗಿಂತ 0.0013ರಷ್ಟು ಹೆಚ್ಚು, 3.14 ನಿಜವಾದ ಬೆಲೆಗಿಂತ 0.0016ರಷ್ಟು ಕಡಿಮೆ, ಹತ್ತಿರದ್ದು 22/7.

ಅಳೆಯುವ ಬಗೆ

ಡಬ್ಬದ ಮುಚ್ಚಳ, ಲೋಟ, ಪೈಪು ಮುಂತಾದ ಸಣ್ಣ ವಸ್ತುಗಳ ಸುತ್ತಳತೆಗೆ ದಾರ ಸುತ್ತುವುದು ರೂಢಿ. ಆದರೆ ದಾರ ಹಿಗ್ಗುತ್ತದೆ, ಸುತ್ತುವಾಗ ಒಂದು ಬಿಗಿ, ಸ್ಕೇಲಿನ ಮೇಲೆ ಇಡುವಾಗ ಇನ್ನೊಂದು ಬಿಗಿ. ಅದರ ಬದಲಿಗೆ ನೋಟುಪುಸ್ತಕದ ಹಾಳೆಯಿಂದ ಬೆರಳಗಲದ ಉದ್ದನೆಯ ಪಟ್ಟಿಯನ್ನು ಕತ್ತರಿಸಿ, ವಸ್ತುವಿನ ಸುತ್ತ ಬಿಗಿಯಾಗಿ ಸುತ್ತಿ, ತುದಿ ಒಂದರ ಮೇಲೊಂದು ಬಂದ ಕಡೆ ಗುಂಡುಸೂಜಿಯಿಂದ ಎರಡೂ ಪದರಗಳನ್ನು ಸೇರಿಸಿ ಚುಚ್ಚಬೇಕು. ಪಟ್ಟಿಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದರೆ ಎರಡು ತೂತುಗಳು ಕಾಣುತ್ತವೆ. ಅವುಗಳ ನಡುವಿನ ದೂರವೇ ಪರಿಧಿ. ನಮ್ಮ ಅಡಿಗೆಮನೆಯ ಸಕ್ಕರೆ ಡಬ್ಬಕ್ಕೆ ಹೀಗೆ ಮಾಡಿದಾಗ 44.6 ಸೆಂಟಿಮೀಟರು ಬಂತು. ಅದನ್ನು 3.1416ರಿಂದ ಭಾಗಿಸಿದರೆ ವ್ಯಾಸ 14.2. ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿದಾಗಲೂ 14.2 ಸೆಂಟಿಮೀಟರೇ ಕಂಡಿತು. ಪಟ್ಟಿ ಸುತ್ತಿದ್ದು ಸರಿಯಾಗಿದೆ ಎಂದು ಅದರಿಂದ ತಿಳಿಯಿತು. ಒಂದು ಅಳತೆಯನ್ನು ಇನ್ನೊಂದು ಅಳತೆಯಿಂದ ಹೀಗೆ ತಾಳೆ ನೋಡುವ ಅವಕಾಶವಿದ್ದಾಗ ಅದನ್ನು ಬಿಡಬಾರದು.

ಅಡ್ಡಲಾಗಿ ಟೇಪು ಹಿಡಿಯಲು ಬರುವ ಮಧ್ಯಮ ಗಾತ್ರದ ವೃತ್ತಗಳಲ್ಲಿ ಕೇಂದ್ರ ಎಲ್ಲಿದೆಯೆಂದು ಕಣ್ಣಂದಾಜಿನಲ್ಲಿ ಹುಡುಕಬಾರದು. ಟೇಪಿನ ಸೊನ್ನೆಯನ್ನು ಅಂಚಿನ ಒಂದು ಕಡೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎದುರಿನ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸುತ್ತ ಹೋದರೆ ಅಳತೆ ಹೆಚ್ಚುತ್ತ ಬಂದು, ಒಂದೆಡೆ ನಿಂತು, ಮತ್ತೆ ಇಳಿಯತೊಡಗುತ್ತದೆ. ಆ ಗರಿಷ್ಠ ಅಳತೆಯೇ ವ್ಯಾಸ, ಏಕೆಂದರೆ ವ್ಯಾಸಕ್ಕಿಂತ ಉದ್ದನೆಯ ಜ್ಯಾ ಇಲ್ಲ. ಹೀಗೆ ಮಾಡದೆ ಕೆಟ್ಟವನು ನಾನೇ. ಹನ್ನೆರಡೂವರೆ ಅಡಿ ಅಗಲದ ಬಾವಿಗೆ ಕಬ್ಬಿಣದ ಜಾಲರಿ ಮಾಡಿಸುವಾಗ ನಡುವೆ ಎಂದು ತೋರಿದ ಕಡೆ ಒಂದೇ ಸಲ ಟೇಪು ಎಳೆದು ಅಳತೆ ಬರೆದುಕೊಟ್ಟೆ. ಜಾಲರಿ ಎರಡು ಇಂಚು ಗಿಡ್ಡವಾಗಿ ಬಂತು. ಆಮೇಲೆ ಕೂತು ಲೆಕ್ಕ ಹಾಕಿದಾಗ ತಿಳಿದದ್ದು, ಟೇಪು ಕೇಂದ್ರದಿಂದ ಸುಮಾರು ಒಂದಡಿ ಪಕ್ಕಕ್ಕೆ ಸರಿದಿತ್ತು ಎಂದು. ಒಂದಡಿ ಸರಿದರೂ ಎರಡೇ ಇಂಚು ಕಡಿಮೆಯಾಯಿತೆಂಬುದು ಸಮಾಧಾನದ ಸಂಗತಿ. ಆದರೆ ಆ ಎರಡು ಇಂಚನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮತ್ತೆ ಸೇರಿಸಲು ಕೊಟ್ಟ ಕೂಲಿ ಸಮಾಧಾನದ್ದಾಗಿರಲಿಲ್ಲ.

ಹಲಗೆ, ಕಲ್ಲು, ತಗಡಿನ ಮೇಲಿನ ವೃತ್ತದ ಕೇಂದ್ರವನ್ನೇ ಗುರುತಿಸಬೇಕಾದಾಗ ಬಡಗಿಗಳ ಮೂಲೆಮಟ್ಟ, ಅದಿಲ್ಲದಿದ್ದರೆ ರಟ್ಟಿನ ಒಂದು ಮೂಲೆ ಸಾಕು. ಮೂಲೆಯ ತುದಿಯನ್ನು ವೃತ್ತದ ಅಂಚಿನ ಮೇಲೆ ಇಟ್ಟರೆ, ಅದರ ಎರಡು ಬದಿಗಳು ಅಂಚನ್ನು ಇನ್ನೆರಡು ಕಡೆ ದಾಟುತ್ತವೆ. ಆ ಎರಡು ಬಿಂದುಗಳನ್ನು ಸೇರಿಸಿದ ಗೆರೆ ವ್ಯಾಸವಾಗುತ್ತದೆ. ಮೂಲೆಯನ್ನು ಬೇರೆ ಕಡೆ ಇಟ್ಟು ಇನ್ನೊಂದು ವ್ಯಾಸ ಎಳೆದರೆ, ಎರಡೂ ಕೂಡುವ ಜಾಗವೇ ಕೇಂದ್ರ.

ಕಟ್ಟೆಯ ಲೆಕ್ಕ

ಈಗ ಅಶ್ವತ್ಥಕಟ್ಟೆಗೆ ಬರೋಣ. ಒಳಗೆ ಹೋಗಲಾಗದ ವೃತ್ತಕ್ಕೆ ಹೊರಗಿನಿಂದ ಸುತ್ತು ಬರುವುದೊಂದೇ ದಾರಿ. ಇಬ್ಬರು ಹಿಡಿದು, ಟೇಪು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿರುವಂತೆ ನೋಡಿಕೊಂಡು, ಕಟ್ಟೆಯ ಮೇಲಂಚಿನ ಸುತ್ತ ಅಳೆಯಬೇಕು. ಕಟ್ಟೆಯ ಬುಡ ಹಲವೊಮ್ಮೆ ಮೇಲ್ಭಾಗಕ್ಕಿಂತ ಅಗಲವಾಗಿರುತ್ತದೆ. ಕಲ್ಲು ಹಾಸುವುದು ಮೇಲೆ, ಆದ್ದರಿಂದ ಅಳೆಯಬೇಕಾದದ್ದೂ ಮೇಲೆಯೇ. ಸುತ್ತಳತೆ 66 ಅಡಿ ಬಂತೆನ್ನೋಣ. 66ನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿದರೆ ವ್ಯಾಸ 21 ಅಡಿ. ತ್ರಿಜ್ಯ ಹತ್ತೂವರೆ ಅಡಿ. ವಿಸ್ತೀರ್ಣ 22/7 × 10.5 × 10.5, ಅಂದರೆ 346.5 ಚದರ ಅಡಿ. ನಡುವಿನ ಹೆಜ್ಜೆಗಳು ಬೇಡವೆನ್ನುವವರು ಸುತ್ತಳತೆಯನ್ನು ಅದರಿಂದಲೇ ಗುಣಿಸಿ, 7ರಿಂದ ಗುಣಿಸಿ, 88ರಿಂದ ಭಾಗಿಸಬಹುದು: 66 × 66 × 7 ÷ 88, ಅದೇ 346.5.

ಆದರೆ ಕಲ್ಲು ಮರದ ಬುಡದವರೆಗೂ ಬರಬಾರದು. ಬೇರಿಗೆ ನೀರು, ಗಾಳಿ ಬೇಕು. ಬುಡದ ಸುತ್ತ 7 ಅಡಿ ವ್ಯಾಸದ ಮಣ್ಣಿನ ವೃತ್ತವನ್ನು ಬಿಟ್ಟರೆ ಅದರ ವಿಸ್ತೀರ್ಣ 22/7 × 3.5 × 3.5, ಅಂದರೆ 38.5 ಚದರ ಅಡಿ. ಹೊರಗಿನದರಿಂದ ಒಳಗಿನದನ್ನು ಕಳೆದರೆ ಕಲ್ಲು ಹಾಸಬೇಕಾದ ಬಳೆಯಾಕಾರದ ಜಾಗ 308 ಚದರ ಅಡಿ.

ಇಲ್ಲಿ ಅನೇಕರು ಒಂದು ಅಡ್ಡದಾರಿ ಹಿಡಿಯುತ್ತಾರೆ: 21ರಲ್ಲಿ 7 ಕಳೆದು 14, ಅದರ ಅರ್ಧ 7, ಅದರ ವರ್ಗ 49, ಅದನ್ನು 22/7ರಿಂದ ಗುಣಿಸಿದರೆ 154. ಇದು ಸರಿಯುತ್ತರದ ನೇರ ಅರ್ಧ. ವಿಸ್ತೀರ್ಣಗಳನ್ನು ಕಳೆಯಬಹುದೇ ಹೊರತು ವ್ಯಾಸಗಳನ್ನು ಮೊದಲೇ ಕಳೆದು ವಿಸ್ತೀರ್ಣ ತೆಗೆಯಲಾಗದು. ಬೇಕಿದ್ದರೆ ಬೇರೊಂದು ದಾರಿಯಿಂದ ತಾಳೆ ನೋಡಬಹುದು: ಹೊರಸುತ್ತು 66, ಒಳಸುತ್ತು 22, ಅವೆರಡರ ಸರಾಸರಿ 44; ಬಳೆಯ ಅಗಲ 7 ಅಡಿ; 44 × 7 = 308. ಬಳೆಯನ್ನು ಒಂದೆಡೆ ಕತ್ತರಿಸಿ ನೆಟ್ಟಗೆ ಮಾಡಿದಂತೆ ಊಹಿಸಿಕೊಂಡರೆ ಈ ಲೆಕ್ಕ ಯಾಕೆ ಸರಿಬರುತ್ತದೆಂದು ತಿಳಿಯುತ್ತದೆ. ಇನ್ನು ಚೌಕದ ಕಲ್ಲನ್ನು ಬಾಗಿದ ಅಂಚಿಗೆ ಕೂರಿಸುವಾಗ ತುಂಡುಗಳು ವ್ಯರ್ಥವಾಗುವುದರಿಂದ, 308 ಬೇಕಿರುವಲ್ಲಿ ನಾನಾದರೆ 340 ಚದರ ಅಡಿಗೆ ಹೇಳುತ್ತೇನೆ. ಅದು ಗಣಿತವಲ್ಲ, ಅಂದಾಜು.

ಬಾವಿಯ ಲೆಕ್ಕದಲ್ಲಿ ಗೋಡೆಯ ದಪ್ಪ

ಬಾವಿಕಟ್ಟೆಯ ಹೊರಗಿನಿಂದ ಸುತ್ತಳತೆ ತೆಗೆದಾಗ ಸಿಗುವುದು ಹೊರವ್ಯಾಸ. ನೀರು ಇರುವುದು ಒಳವ್ಯಾಸದಲ್ಲಿ. ಹೊರಸುತ್ತು 44 ಅಡಿ ಇದ್ದರೆ ಹೊರವ್ಯಾಸ 14 ಅಡಿ. ಗೋಡೆಯ ದಪ್ಪ 9 ಇಂಚು ಇದ್ದರೆ ಅದನ್ನು ಎರಡು ಸಲ ಕಳೆಯಬೇಕು, ಏಕೆಂದರೆ ವ್ಯಾಸದ ಗೆರೆ ಗೋಡೆಯನ್ನು ಆ ಕಡೆಯೊಮ್ಮೆ, ಈ ಕಡೆಯೊಮ್ಮೆ ದಾಟುತ್ತದೆ. ಹದಿನೆಂಟು ಇಂಚು ಕಳೆದರೆ ಒಳವ್ಯಾಸ ಹನ್ನೆರಡೂವರೆ ಅಡಿ, ತ್ರಿಜ್ಯ 6.25 ಅಡಿ, ವಿಸ್ತೀರ್ಣ ಸುಮಾರು 122.8 ಚದರ ಅಡಿ. ನೀರಿನ ಆಳ 10 ಅಡಿ ಇದ್ದರೆ 1228 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 34,750 ಲೀಟರು. ಗೋಡೆಯ ದಪ್ಪವನ್ನು ಮರೆತು 14 ಅಡಿಗೇ ಲೆಕ್ಕ ಹಾಕಿದ್ದರೆ 43,600 ಲೀಟರು ಬರುತ್ತಿತ್ತು; ಹೆಚ್ಚಿಗೆ ತೋರುವ ಸುಮಾರು 8,850 ಲೀಟರು ಬಾವಿಯಲ್ಲಿಲ್ಲ, ಇಟ್ಟಿಗೆಯಲ್ಲಿದೆ.

ಪೂರ್ಣ ವೃತ್ತವಲ್ಲದ ವೃತ್ತಗಳು

ಕೈಯಿಂದ ಕಟ್ಟಿದ ಯಾವ ಕಟ್ಟೆಯೂ ಕೈವಾರದಿಂದ ಎಳೆದಷ್ಟು ದುಂಡಗಿರುವುದಿಲ್ಲ. ಒಂದೇ ಸುತ್ತಳತೆಯುಳ್ಳ ಎಲ್ಲ ಆಕಾರಗಳಲ್ಲಿ ಅತಿ ಹೆಚ್ಚು ಜಾಗವನ್ನು ಒಳಗೊಳ್ಳುವುದು ವೃತ್ತ. ಇದರ ಪರಿಣಾಮವನ್ನು ಲೆಕ್ಕ ಹಾಕುವವರು ತಿಳಿದಿರಬೇಕು: ವಸ್ತು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಸುತ್ತಳತೆಯಿಂದ ತೆಗೆದ ವಿಸ್ತೀರ್ಣ ನಿಜಕ್ಕಿಂತ ಹೆಚ್ಚೇ ಆಗಿರುತ್ತದೆ, ಎಂದೂ ಕಡಿಮೆಯಾಗಿರುವುದಿಲ್ಲ. ಟೇಪು ಜೋತರೂ ಹೆಚ್ಚೇ ಬರುತ್ತದೆ. ಎರಡು ತಪ್ಪುಗಳೂ ಒಂದೇ ಕಡೆಗೆ ಎಳೆಯುತ್ತವೆ. ಅಡ್ಡಲಾಗಿ ಅಳೆಯಲು ಸಾಧ್ಯವಿದ್ದರೆ ಅತಿ ಉದ್ದದ ವ್ಯಾಸವನ್ನೂ ಅದಕ್ಕೆ ಲಂಬವಾದ ವ್ಯಾಸವನ್ನೂ ತೆಗೆದುಕೊಂಡು, ಎರಡನ್ನೂ ಗುಣಿಸಿ, 0.785ರಿಂದ ಗುಣಿಸಿದರೆ ಸತ್ಯಕ್ಕೆ ಹತ್ತಿರ ಬರುತ್ತದೆ. ಈ 0.785 ಪೈಯ ಕಾಲು ಭಾಗ. ವೃತ್ತವನ್ನು ಮುಟ್ಟಿಕೊಂಡು ಒಂದು ಚೌಕ ಎಳೆದರೆ, ವೃತ್ತವು ಆ ಚೌಕದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ ಎಂಬುದು ಇದರ ಅರ್ಥ. ಯಾವ ಉತ್ತರ ಬಂದರೂ ಇದರ ಪಕ್ಕದಲ್ಲಿಟ್ಟು ನೋಡಿದರೆ ದೊಡ್ಡ ತಪ್ಪುಗಳು ತಾವಾಗಿ ಸಿಕ್ಕಿಬೀಳುತ್ತವೆ. ಇಪ್ಪತ್ತೊಂದು ಅಡಿಯ ಚೌಕ 441 ಚದರ ಅಡಿ, ಅದರ ಮುಕ್ಕಾಲು 331, ನಮ್ಮ 346.5 ಅದಕ್ಕಿಂತ ತುಸು ಹೆಚ್ಚು, ಸರಿಯಾಗಿದೆ.

ಮರದ ದಿಮ್ಮಿಯ ವ್ಯಾಪಾರದಲ್ಲಿ ಇದಕ್ಕೆ ತಿರುಗುಮುರುಗಾದ ರೂಢಿಯೊಂದಿದೆ. ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುತ್ತಾರೆ. ನಾಲ್ಕಡಿ ಸುತ್ತಳತೆ, ಹತ್ತಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ವೃತ್ತದ ಸೂತ್ರದಿಂದ ನೋಡಿದರೆ 12.7 ಘನ ಅಡಿ. ತೊಗಟೆ, ಕೊಯ್ಯುವಾಗ ಹೋಗುವ ಹೊರಮೈ ಎಲ್ಲವನ್ನೂ ಮೊದಲೇ ಬಿಟ್ಟು ಹೇಳುವ ಲೆಕ್ಕವೆಂದು ಇದನ್ನು ಸಮರ್ಥಿಸುವುದುಂಟು. ತೋಟದ ಮರ ಮಾರುವವರು ಮಾತ್ರ ಎರಡೂ ಲೆಕ್ಕಗಳನ್ನು ತಿಳಿದೇ ದರ ಮಾತಾಡುವುದು ಒಳ್ಳೆಯದು.

ಅಡಿ, ಇಂಚು, ಬಳೆ

ಗೋಲಗುಮ್ಮಟದ ಗುಮ್ಮಟಕ್ಕೆ ಒಳವ್ಯಾಸ 124 ಅಡಿ 5 ಇಂಚು ಎಂದು ಹೇಳುತ್ತಾರೆ. ಇದನ್ನು ಕ್ಯಾಲ್ಕುಲೇಟರಿಗೆ ಹಾಕುವಾಗ 124.5 ಎಂದು ಒತ್ತುವವರೇ ಹೆಚ್ಚು. ಅಡಿಗೆ ಹನ್ನೆರಡು ಇಂಚಾದ್ದರಿಂದ ಐದು ಇಂಚೆಂದರೆ 5 ÷ 12, ಅಂದರೆ 0.417 ಅಡಿ, ಹಾಕಬೇಕಾದದ್ದು 124.417. ಆಗ ಒಳಸುತ್ತು ಸುಮಾರು 390.9 ಅಡಿ, ಗುಮ್ಮಟ ಮುಚ್ಚಿದ ವೃತ್ತದ ವಿಸ್ತೀರ್ಣ ಸುಮಾರು 12,158 ಚದರ ಅಡಿ. ಒಂದು ಗುಂಟೆಗೆ 1089 ಚದರ ಅಡಿಯಂತೆ ಅದು ಹನ್ನೊಂದು ಗುಂಟೆಗೂ ಮೇಲಾಯಿತು. ಅಷ್ಟು ಜಾಗದಲ್ಲಿ ನಡುವೆ ಒಂದು ಕಂಬವೂ ಇಲ್ಲವೆಂಬುದು ಈ ಅಂಕೆಯನ್ನು ಬರೆದಾಗಲೇ ನನಗೆ ನಿಜವಾಗಿ ಮನಸ್ಸಿಗೆ ಬಂದದ್ದು. 124.5 ಎಂದು ಒತ್ತಿದ್ದರೆ ಹದಿನಾರು ಚದರ ಅಡಿ ಸುಮ್ಮನೆ ಹೆಚ್ಚಾಗುತ್ತಿತ್ತು.

ಬಳೆ ಅಂಗಡಿಯ ‘ಎರಡು ನಾಲ್ಕು, ಎರಡು ಆರು, ಎರಡು ಎಂಟು’ ಕೂಡ ಇದೇ ಜಾತಿಯವು. ಎರಡು ಆರು ಎಂದರೆ 2.6 ಇಂಚಲ್ಲ, ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಆರು ಭಾಗ, ಅಂದರೆ 2.375 ಇಂಚು, ಮಿಲಿಮೀಟರಿನಲ್ಲಿ 60.3. ಇದು ಬಳೆಯ ಒಳವ್ಯಾಸ. ಅಳತೆಯ ಬಳೆ ಸಿಗದಿದ್ದಾಗ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳ ಮೇಲೆ ಕೈಯ ಅತಿ ಅಗಲವಾದ ಭಾಗದ ಸುತ್ತ ಕಾಗದದ ಪಟ್ಟಿ ಸುತ್ತಿ ಅಳೆಯಬೇಕು. ಅದು 19 ಸೆಂಟಿಮೀಟರು ಬಂದರೆ, 3.1416ರಿಂದ ಭಾಗಿಸಿ 6.05 ಸೆಂಟಿಮೀಟರು, ಅಂದರೆ ಎರಡು ಆರು. ಒಂದು ಅಳತೆಯಿಂದ ಮುಂದಿನ ಅಳತೆಗೆ ವ್ಯಾಸದಲ್ಲಿ ಹೆಚ್ಚುವುದು ಇಂಚಿನ ಎಂಟನೆಯ ಒಂದು ಭಾಗ ಮಾತ್ರ. ಆದರೆ ಸುತ್ತಳತೆಯಲ್ಲಿ ಹೆಚ್ಚುವುದು ಸರಿಸುಮಾರು ಒಂದು ಸೆಂಟಿಮೀಟರು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಬಳೆಗಳಲ್ಲಿ ಒಂದು ಸಲೀಸಾಗಿ ಏರಿ ಇನ್ನೊಂದು ಗೆಣ್ಣಿನಲ್ಲೇ ನಿಲ್ಲುವುದು ಇದಕ್ಕೇ.

ವ್ಯಾಸ ಎರಡರಷ್ಟಾದರೆ

ಸುತ್ತಳತೆ ವ್ಯಾಸದ ಜೊತೆಜೊತೆಗೇ ಬೆಳೆಯುತ್ತದೆ, ವಿಸ್ತೀರ್ಣ ಹಾಗಲ್ಲ. ವ್ಯಾಸ ಎರಡರಷ್ಟಾದರೆ ಸುತ್ತಳತೆ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. ಎರಡಿಂಚಿನ ಪೈಪಿನ ಬಾಯಿಗೆ ಸಮವಾಗಬೇಕಾದರೆ ಒಂದಿಂಚಿನ ಪೈಪುಗಳು ಎರಡಲ್ಲ, ನಾಲ್ಕು ಬೇಕು. ಹನ್ನೆರಡು ಇಂಚಿನ ದೋಸೆಗೆ ಎಂಟು ಇಂಚಿನ ದೋಸೆಯ ಎರಡೂಕಾಲು ಪಟ್ಟು ಹಿಟ್ಟು ಹಿಡಿಯುತ್ತದೆ. ಅಳತೆಯ ತಪ್ಪಿಗೂ ಇದೇ ನಿಯಮ ಅನ್ವಯಿಸುತ್ತದೆ: ಹತ್ತಡಿ ವ್ಯಾಸವನ್ನು ಹತ್ತಡಿ ಎರಡಿಂಚು ಎಂದು ಓದಿದರೆ ವ್ಯಾಸದಲ್ಲಿ ನೂರಕ್ಕೆ 1.7ರಷ್ಟು ತಪ್ಪು, ವಿಸ್ತೀರ್ಣದಲ್ಲಿ ನೂರಕ್ಕೆ 3.4ರಷ್ಟು. ಪೈಯ ಬೆಲೆಯಾಗಿ 22/7 ಹಿಡಿದದ್ದರಿಂದ ಆಗುವ ತಪ್ಪು ನೂರಕ್ಕೆ 0.04 ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎಚ್ಚರ ಎಲ್ಲಿರಬೇಕೆಂಬುದು ಕಾಣುತ್ತದೆ.

ವಿಸ್ತೀರ್ಣದಿಂದ ಹಿಂದಕ್ಕೆ

ಕೆಲವೊಮ್ಮೆ ವಿಸ್ತೀರ್ಣ ಮೊದಲೇ ಗೊತ್ತಿರುತ್ತದೆ, ವೃತ್ತವನ್ನು ನಾವು ಎಳೆಯಬೇಕಾಗಿರುತ್ತದೆ. ಸರಿಯಾಗಿ ಒಂದು ಗುಂಟೆಯ ದುಂಡನೆಯ ಅಂಗಳ ಬೇಕೆಂದರೆ 1089ನ್ನು 3.1416ರಿಂದ ಭಾಗಿಸಿ, ಬಂದ 346.6ರ ವರ್ಗಮೂಲ ತೆಗೆಯಬೇಕು. ಅದು 18.62, ಅಂದರೆ ಹದಿನೆಂಟು ಅಡಿ ಏಳೂವರೆ ಇಂಚು. ನಡುವೆ ಗೂಟ ನೆಟ್ಟು, ಹಿಗ್ಗದ ಹುರಿಯನ್ನು ಅಷ್ಟುದ್ದಕ್ಕೆ ಕಟ್ಟಿ, ತುದಿಯಲ್ಲಿ ಮೊಳೆ ಹಿಡಿದು ಸುತ್ತು ಬಂದರೆ ಗೆರೆ ಮೂಡುತ್ತದೆ. ಹುರಿ ಗೂಟಕ್ಕೆ ಸುತ್ತಿಕೊಂಡರೆ ವೃತ್ತ ಸುರುಳಿಯಾಗುತ್ತದೆ. ಆದ್ದರಿಂದ ಗಂಟು ಹಾಕದೆ ಸಡಿಲವಾದ ಕುಣಿಕೆ ಮಾಡಬೇಕು. ಇದೇ ಒಂದು ಗುಂಟೆ ಚೌಕವಾಗಿದ್ದರೆ ಬೇಲಿ 132 ಅಡಿ; ದುಂಡಗಾದರೆ 117 ಅಡಿ.

ತುಂಡು ಮಾತ್ರ ಉಳಿದಾಗ

ಕೊನೆಯದಾಗಿ, ವೃತ್ತದ ಒಂದು ಚೂರು ಮಾತ್ರ ಕೈಯಲ್ಲಿದ್ದಾಗ ಮಾಡುವ ಲೆಕ್ಕ. ಒಡೆದ ಕಮಾನಿನ ಕಲ್ಲು, ಮುರಿದ ಚಕ್ರದ ತುಂಡು, ಬಾಗಿದ ಗೋಡೆಯ ಉಳಿದ ಭಾಗ ಇಂಥವುಗಳಿಂದ ಪೂರ್ಣ ವೃತ್ತದ ವ್ಯಾಸವನ್ನು ಕಂಡುಹಿಡಿಯಬಹುದು. ಬಾಗಿದ ಅಂಚಿನ ಎರಡು ತುದಿಗಳಿಗೆ ಹುರಿ ಎಳೆದರೆ ಅದು ಜ್ಯಾ, ಬಿಲ್ಲಿನ ಹೆದೆ. ಹೆದೆಯ ನಡುವಿನಿಂದ ಬಾಗಿದ ಅಂಚಿಗೆ ಇರುವ ಲಂಬ ದೂರಕ್ಕೆ ಹಳಬರು ಶರ, ಅಂದರೆ ಬಾಣ, ಎಂದು ಹೆಸರಿಟ್ಟಿದ್ದಾರೆ. ವ್ಯಾಸವನ್ನು ಒಂದು ಹೆದೆ ಅಡ್ಡಲಾಗಿ ಕತ್ತರಿಸಿದಾಗ ಆಗುವ ಎರಡು ಶರಗಳ ಗುಣಲಬ್ಧವು ಅರ್ಧ ಹೆದೆಯ ವರ್ಗಕ್ಕೆ ಸಮವೆಂಬುದೂ ಆರ್ಯಭಟೀಯದಲ್ಲಿರುವ ಸೂತ್ರವೇ. ಹೆದೆ 6 ಅಡಿ, ಶರ 1 ಅಡಿ ಎಂದಿಟ್ಟುಕೊಳ್ಳಿ. ಅರ್ಧ ಹೆದೆ 3, ಅದರ ವರ್ಗ 9. ಅದನ್ನು ಶರದಿಂದ, ಅಂದರೆ 1ರಿಂದ ಭಾಗಿಸಿದರೆ ಆಚೆ ಬದಿಯ ಶರ 9 ಅಡಿ. ಎರಡನ್ನೂ ಕೂಡಿದರೆ ವ್ಯಾಸ 10 ಅಡಿ.

ಈ ಲೆಕ್ಕದಲ್ಲಿ ಶರದ ಅಳತೆ ಬಹಳ ನಾಜೂಕಿನದು. ಅದನ್ನು ಅರ್ಧ ಇಂಚು ಹೆಚ್ಚಾಗಿ ಓದಿದರೂ ವ್ಯಾಸ 10 ಅಡಿಯಿಂದ 9 ಅಡಿ 8 ಇಂಚಿಗೆ ಇಳಿದುಬಿಡುತ್ತದೆ. ಹಾಗಾಗಿ ತುಂಡು ಅನುಮತಿಸುವಷ್ಟು ಉದ್ದನೆಯ ಹೆದೆಯನ್ನೇ ತೆಗೆದುಕೊಂಡು, ಶರವನ್ನು ಮೂರು ಸಲ ಅಳೆದು, ಬಂದ ತ್ರಿಜ್ಯಕ್ಕೆ, ಇಲ್ಲಿ ಐದು ಅಡಿಗೆ, ಹುರಿ ಕಟ್ಟಿ ನೆಲದ ಮೇಲೆ ಸುಣ್ಣದಿಂದ ಕಂಸವೊಂದನ್ನು ಎಳೆದು, ಕಲ್ಲಿನ ತುಂಡನ್ನು ಅದರ ಮೇಲೆ ಕೂರಿಸಿ ನೋಡಬೇಕು. ತುಂಡಿನ ತುದಿಗಳು ಗೆರೆಯ ಮೇಲೆ ಕೂತು ನಡುಭಾಗ ಗೆರೆಯಿಂದ ಹೊರಗೆ ಉಬ್ಬಿದ್ದರೆ ನಾವು ಹಿಡಿದ ತ್ರಿಜ್ಯ ಹೆಚ್ಚಾಯಿತು, ಗೆರೆಯಿಂದ ಒಳಗೆ ಉಳಿದರೆ ಕಡಿಮೆಯಾಯಿತು. ಹುರಿಯನ್ನು ಅರ್ಧರ್ಧ ಇಂಚು ಸರಿಪಡಿಸುತ್ತ ಹೋದರೆ ಎರಡು ಮೂರು ಗೆರೆಗಳಲ್ಲಿ ತುಂಡು ಗೆರೆಗೆ ಅಂಟಿದಂತೆ ಕೂರುತ್ತದೆ, ಆಗ ಹುರಿಯನ್ನು ಅಳೆದು ಬರೆದುಕೊಳ್ಳಬೇಕು.